ಬಿಸಿಗಾಳಿಯ ಕಾರು

ವೆಂಕಟರಂಗಯ್ಯನವರ ಪರಿಚಯ ನನಗಾದದ್ದು ೧೯೯೬ರಲ್ಲಿ, ನಮ್ಮ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇತ್ ಕೆಟ್ಟು ನಿಂತಾಗ. ತುಮಕೂರಿನ ಶಿರಾ ಗೇಟ್ ಹತ್ತಿರ ಅವರದೊಂದು ಲೇತ್ ಅಂಗಡಿ ಇತ್ತು. ಐಟಿಐ ಓದಿದ ಟರ್ನರ್, ವಯಸ್ಸು ನಲವತ್ತರ ಆಸುಪಾಸು, ಸ್ವಂತ ಊರು ಗುಬ್ಬಿ ಕಡೆ. ರಿಪೇರಿ ಮುಗಿಸಿ ಬನಿಯನ್ ಬಟ್ಟೆಯ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಟವರು ನನ್ನ ಲ್ಯಾಬಿನ ಬಾಗಿಲಲ್ಲಿ ನಿಂತುಬಿಟ್ಟರು.

ನಾನು ಅಲ್ಲಿ ಥರ್ಮೋಡೈನಮಿಕ್ಸ್ ಪಾಠ ಮಾಡುತ್ತಿದ್ದೆ. ಮೇಜಿನ ಮೇಲೆ ಸ್ಟರ್ಲಿಂಗ್ ಎಂಜಿನ್ನಿನ ಅಂಗೈಯಗಲದ ಮಾದರಿಯೊಂದು ಸ್ಪಿರಿಟ್ ದೀಪದ ಶಾಖಕ್ಕೆ ತಿರುಗುತ್ತಿತ್ತು. ಹುಡುಗರು ಅದನ್ನು ನೋಡಿ, ನೋಟ್ಸ್ ಬರೆದುಕೊಂಡು ಊಟಕ್ಕೆ ಹೋಗಿದ್ದರು.

"ಇದೇನ್ ಸಾರ್, ಸದ್ದೇ ಮಾಡಲ್ವಲ್ಲ?" ಎಂದರು ವೆಂಕಟರಂಗಯ್ಯ.

ಹೇಳಿದೆ. ಒಂದು ತುದಿಗೆ ಬೆಂಕಿ, ಇನ್ನೊಂದು ತುದಿಗೆ ತಂಪು. ಒಳಗೆ ಹಿಡಿದಿಟ್ಟ ಗಾಳಿ ಬಿಸಿಯಾದಾಗ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ, ಆ ಹಿಗ್ಗು ಕುಗ್ಗಿನಲ್ಲೇ ಚಕ್ರ ತಿರುಗುತ್ತದೆ. ಪೆಟ್ರೋಲ್ ಎಂಜಿನ್ನಿನ ಹಾಗೆ ಒಳಗೆ ಏನೂ ಉರಿಯುವುದಿಲ್ಲ. ಬೆಂಕಿ ಹೊರಗೇ ಇರುವುದರಿಂದ ಏನು ಉರಿಸಿದರೂ ನಡೆಯುತ್ತದೆ.

"ಏನ್ ಉರಿಸಿದ್ರೂನಾ? ತೆಂಗಿನ ಚಿಪ್ಪು?"

"ಚಿಪ್ಪು, ಸೌದೆ, ಬೆರಣಿ, ಏನಾದರೂ ಸರಿ."

ಅವರು ದೀಪ ಆರುವ ತನಕ ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತು ನೋಡಿದರು. ಆರಿದ ಮೇಲೂ ಚಕ್ರ ಸ್ವಲ್ಪ ಹೊತ್ತು ತಿರುಗಿ ನಿಂತಿತು. ನನ್ನ ಹನ್ನೊಂದು ವರ್ಷದ ಪಾಠದಲ್ಲಿ ಆ ಮಾದರಿಯನ್ನು ಯಾರೂ ಹಾಗೆ ನೋಡಿರಲಿಲ್ಲ.

ಎರಡು ವರ್ಷ ಕಳೆಯುವುದರೊಳಗೆ ಅವರು ದೊಡ್ಡದೊಂದನ್ನು ಮಾಡಿದರು. ಗುಜರಿಯಿಂದ ತಂದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಹಳೆಯ ಲಾರಿ ಎಂಜಿನ್ನಿನ ಕ್ರ್ಯಾಂಕು, ತಾವೇ ಕಡೆದ ಪಿಸ್ಟನ್ನುಗಳು. ನಾನು ವಾರಕ್ಕೆರಡು ಸಲ ಸಂಜೆ ಅಂಗಡಿಗೆ ಹೋಗಿ ಅಳತೆ ಹಾಕಿಕೊಡುತ್ತಿದ್ದೆ. ಅವರ ಹೆಂಡತಿ ಗಂಗಲಕ್ಷ್ಮಮ್ಮ ಬಟವಾಡಿಯ ಮನೆಯಿಂದ ಊಟ ತರುತ್ತಿದ್ದವರು, ಬರುಬರುತ್ತಾ ಅಲ್ಲೇ ನಿಂತು ಬೆಂಕಿ ನೋಡಿಕೊಳ್ಳತೊಡಗಿದರು. ಒಲೆಯ ಬಾಯಿ ಎಷ್ಟು ತೆಗೆದರೆ ಎಷ್ಟು ಉರಿ, ಹಸಿ ಚಿಪ್ಪಿಗೂ ಒಣ ಚಿಪ್ಪಿಗೂ ಏನು ವ್ಯತ್ಯಾಸ, ಇದೆಲ್ಲ ನನಗಿಂತಲೂ ತನ್ನ ಗಂಡನಿಗಿಂತಲೂ ಚೆನ್ನಾಗಿ ತಿಳಿದಿದ್ದು ಆಕೆಗೆ.

ಆ ಎಂಜಿನ್ನನ್ನು ಗುಬ್ಬಿಯ ಹತ್ತಿರ ಗಂಗಲಕ್ಷ್ಮಮ್ಮನ ತವರಿನ ತೋಟಕ್ಕೆ ಒಯ್ದು ಬಾವಿಯ ಪಂಪಿಗೆ ಜೋಡಿಸಿದರು. ಇಪ್ಪತ್ತೈದು ನಿಮಿಷ ಚಿಪ್ಪು ಉರಿದ ಮೇಲೆ ಚಕ್ರವನ್ನೊಮ್ಮೆ ಕೈಯಿಂದ ತಿರುವಿದರು. ಹಿಡಿದುಕೊಂಡಿತು. ಪೈಪಿನ ಬಾಯಲ್ಲಿ ನೀರು ಬಿತ್ತು. ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ನೋಡಲು ಬಂದಿದ್ದವರಲ್ಲಿ ಗಂಗಲಕ್ಷ್ಮಮ್ಮನ ತಮ್ಮ ಕರಿಸಿದ್ದಪ್ಪನೂ ಇದ್ದ. ಆಗ ರೈತರ ಪಂಪ್‌ಸೆಟ್ಟಿಗೆ ಕರೆಂಟು ಹೆಚ್ಚು ಕಡಿಮೆ ಪುಕ್ಕಟೆ.

"ಭಾವ, ಸ್ವಿಚ್ ಒತ್ತಿದ್ರೆ ನೀರು ಬತ್ತೈತೆ. ಇದ್ಕೆ ಅರ್ಧ ಗಂಟೆ ಒಲೆ ಮುಂದೆ ಕೂತ್ಕಳಕ್ಕೆ ಯಾರಿಗೆ ಪುರುಸೊತ್ತು?" ಎಂದ ಅವನು. ಎಲ್ಲರೂ ನಕ್ಕರು. ನಗು ನಿಂತ ಮೇಲೆ, "ಕಾರು ಗೀರು ಓಡ್ಸಿ, ಆಗ ನೋಡಾಣ" ಎಂದು ಸೇರಿಸಿದ.

ಅವನು ತಮಾಷೆಗೆ ಅಂದದ್ದು. ಮುಂದಿನ ಶನಿವಾರ ವೆಂಕಟರಂಗಯ್ಯ ತುಮಕೂರಿನ ಸದಾಶಿವನಗರದ ನನ್ನ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು.

"ಕಾಂತೇಶ್ ಸಾರ್, ಕಾರಿಗೆ ಹಾಕ್ಬೋದಾ?"

"ನೋಡಿ ಹೇಳ್ತೀನಿ" ಎಂದೆ.

ಮಾರನೆಯ ದಿನ ಭಾನುವಾರ. ಕೂತು ಲೆಕ್ಕ ಮಾಡಿದೆ. ಮುಕ್ಕಾಲು ಗಂಟೆ ಸಾಕಾಯಿತು. ಒಂದು ಕಾರು ರಸ್ತೆಯಲ್ಲಿ ಮರ್ಯಾದೆಯಿಂದ ಓಡಲು ಕೊನೆಪಕ್ಷ ಇಪ್ಪತ್ತು ಕುದುರೆಶಕ್ತಿ ಬೇಕು. ಗುಬ್ಬಿಯ ಎಂಜಿನ್ ಒಂದನ್ನೂ ಪೂರ್ತಿ ಕೊಡುತ್ತಿರಲಿಲ್ಲ. ನಮ್ಮ ಕೈಯಲ್ಲಾಗುವ ಕಬ್ಬಿಣದಲ್ಲಿ ಇಪ್ಪತ್ತು ಕುದುರೆಶಕ್ತಿಯ ಎಂಜಿನ್ ಮಾಡಿದರೆ ಅದು ಕಾರಿಗಿಂತ ಭಾರವಾಗುತ್ತಿತ್ತು. ಬಿಸಿಯಾಗದೆ ಹೊರಡುವುದಿಲ್ಲ. ಹೊರಟ ಮೇಲೆ ಬೇಕೆಂದಾಗ ವೇಗ ಹೆಚ್ಚಿಸುವ ಹಾಗಿಲ್ಲ, ಬೇಡವೆಂದಾಗ ಇಳಿಸುವ ಹಾಗಿಲ್ಲ, ಯಾಕೆಂದರೆ ಕಾದ ಲೋಹ ಒಂದು ಕ್ಷಣದಲ್ಲಿ ಆರುವುದಿಲ್ಲ. ತಂಪು ಮಾಡಲು ಮಾಮೂಲಿಗಿಂತ ದುಪ್ಪಟ್ಟು ರೇಡಿಯೇಟರ್ ಬೇಕು. ದುಡ್ಡಿಗೂ ಬುದ್ಧಿಗೂ ಕೊರತೆಯಿಲ್ಲದ ವಿದೇಶಿ ಕಂಪನಿಗಳು ವರ್ಷಗಟ್ಟಲೆ ಪ್ರಯತ್ನಪಟ್ಟು ಕೈಬಿಟ್ಟಿದ್ದವು. ಒಂದು ಕಡೆ ನಿಂತು ಒಂದೇ ಹದದಲ್ಲಿ ತಿರುಗುವ ಕೆಲಸಕ್ಕೆ ಆ ಎಂಜಿನ್ ಬಂಗಾರ. ಕಾರಿಗೆ ಅಲ್ಲ.

ಇಷ್ಟನ್ನೂ ನಾನು ಸೋಮವಾರ ಅವರಿಗೆ ಹೇಳಬೇಕಿತ್ತು. ನಾನು ಹೇಳಿದ್ದು ಇಷ್ಟು: "ಕಷ್ಟ ಇದೆ ವೆಂಕಟರಂಗಯ್ಯ. ಆದರೆ ಆಗೋದೇ ಇಲ್ಲ ಅಂತ ಹೇಳೋಕೆ ಬರಲ್ಲ."

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ನೂರು ಸಲ ಕೇಳಿಕೊಂಡಿದ್ದೇನೆ. ಅವರ ಮನಸ್ಸು ನೋಯಿಸಬಾರದೆಂದು ಹೇಳಿದೆ ಎನ್ನುವುದು ಸುಳ್ಳು. ಆ ಅಂಗಡಿಯ ಸಂಜೆಗಳು ನಿಂತುಹೋಗುವುದು ನನಗೆ ಬೇಡವಾಗಿತ್ತು. ಕಾಲೇಜಿನಲ್ಲಿ ನಾನು ಬೋರ್ಡಿನ ಮೇಲೆ ಗೆರೆ ಎಳೆಯುವ ಮನುಷ್ಯ. ಅಂಗಡಿಯಲ್ಲಿ ನಾನು ಹೇಳಿದ ಅಳತೆ ಮಾರನೆಯ ದಿನ ಉಕ್ಕಾಗಿರುತ್ತಿತ್ತು.

ಮುಂದಿನ ನಾಲ್ಕು ವರ್ಷ ಅವರು ಆ ಕಾರಿನ ಹಿಂದೆ ಬಿದ್ದರು. ಎಂಜಿನ್ ಹಾಳಾಗಿ ಗ್ಯಾರೇಜೊಂದರ ಹಿಂದೆ ನಿಂತಿದ್ದ ಅಂಬಾಸಿಡರ್ ತಂದರು. ಬಾನೆಟ್ ತೆಗೆದು ಅಲ್ಲಿ ಹೊಸ ಎಂಜಿನ್ ಕೂರಿಸಿದರು. ಡ್ರೈವರ್ ಪಕ್ಕದ ಸೀಟು ಕಿತ್ತು, ಮುಂದಿನ ತಗಡು ಕತ್ತರಿಸಿ, ಒಲೆಯ ಬಾಯಿ ಒಳಕ್ಕೆ ಬರುವ ಹಾಗೆ ಮಾಡಿದರು. ಗಂಗಲಕ್ಷ್ಮಮ್ಮ ಅಲ್ಲಿ ಗೋಣಿಚೀಲ ಹಾಸಿಕೊಂಡು ಕೂತು ಚಿಪ್ಪು ಹಾಕಬೇಕು. ಈ ನಡುವೆ ಲೇತಿನ ಗಿರಾಕಿಗಳು ಒಬ್ಬೊಬ್ಬರೇ ಬೇರೆ ಅಂಗಡಿ ಹಿಡಿದರು. ಪಿಯುಸಿ ಓದುತ್ತಿದ್ದ ಮಗಳು ಪ್ರಮೀಳಾ ಒಂದು ದಿನ ನನ್ನೆದುರಿಗೇ, "ಅಪ್ಪ, ಇದು ಯಾವಾಗ ಮುಗಿಯುತ್ತೆ?" ಎಂದು ಕೇಳಿದಳು. ವೆಂಕಟರಂಗಯ್ಯ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ.

೨೦೦೧ರ ಕೊನೆಗೆ ಕಾರು ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಕದಲಿತು. ಮನುಷ್ಯ ನಡೆಯುವಷ್ಟು ವೇಗ. ಅದಕ್ಕಿಂತ ಒಂದು ಗೇಣು ಹೆಚ್ಚಿಲ್ಲ.

ಜನವರಿಯ ಕೊನೆಯ ವಾರ ಕುಣಿಗಲ್ಲಿನ ಖಾಸಗಿ ಕಾಲೇಜೊಂದರಿಂದ ನನಗೆ ಕಾಗದ ಬಂತು. ಫೆಬ್ರವರಿಯಲ್ಲಿ ಅವರಲ್ಲಿ ವಿಜ್ಞಾನ ಪ್ರದರ್ಶನ. ಈ ಕಾರಿನ ಸುದ್ದಿ ಹೇಗೋ ಅವರ ಕಿವಿಗೆ ಬಿದ್ದಿತ್ತು. ಲಾರಿಯ ಮೇಲೆ ಹೇರಿಕೊಂಡು ಬರುವುದು ಬೇಡ, ಓಡಿಸಿಕೊಂಡೇ ಬನ್ನಿ ಎಂದು ಬರೆದಿದ್ದರು. ಮುಖ್ಯ ಭಾಷಣ ನನ್ನದು.

ಕಾಗದ ಓದಿ ಹೇಳಿದ ಮೇಲೆ ವೆಂಕಟರಂಗಯ್ಯ ಬೆರಳಲ್ಲಿ ಲೆಕ್ಕ ಹಾಕಿದರು.

"ಕುಣಿಗಲ್ಲು ಇಪ್ಪತ್ತೆರಡು ಮೈಲಿ ಸಾರ್. ಈ ಸ್ಪೀಡಲ್ಲಿ ಸಂಜೆ ಆಯ್ತೈತೆ. ಜೋರು ಬರಾಕೆ ಏನ್ ಮಾಡ್ಬೇಕು?"

"ಒಳಗಿನ ಒತ್ತಡ ಜಾಸ್ತಿ ಮಾಡಬೇಕು. ಒತ್ತಡ ಐದು ಪಟ್ಟಾದರೆ ಶಕ್ತಿನೂ ಸುಮಾರು ಅಷ್ಟೇ ಪಟ್ಟು ಆಗುತ್ತೆ."

"ಒಳೀಕೆ ಏನ್ ತುಂಬ್ಬೇಕು?"

"ಹೊರದೇಶದಲ್ಲಿ ಹೈಡ್ರೋಜನ್, ಹೀಲಿಯಂ ತುಂಬ್ತಾರೆ. ನಮ್ಮ ಕೈಲಿ ಆಗಲ್ಲ, ಸೋರಿಹೋಗುತ್ತೆ. ನೈಟ್ರೋಜನ್ ಆದರೆ ಒಳ್ಳೇದು."

"ನೈಟ್ರೋಜನ್ ಎಲ್ಲಿಂದ ತರಾಣ ಸಾರ್, ಬೆಂಗ್ಳೂರಿಗೇ ಹೋಗ್ಬೇಕು. ಇರೋದು ಹತ್ತು ದಿನ. ಪಂಕ್ಚರ್ ಅಂಗಡಿ ಕಂಪ್ರೆಸರ್ ಐತಲ್ಲ, ಬರೀ ಗಾಳಿ ಆಗಲ್ವಾ?"

"ಗಾಳಿನೂ ಆಗುತ್ತೆ. ನೈಟ್ರೋಜನ್ ಆದರೆ ಒಳ್ಳೇದು, ಅಷ್ಟೆ."

ಅಷ್ಟೆ ಎಂದೆ. ಈ ಎಂಜಿನ್ನುಗಳ ಬಗೆಗಿನ ಪುಸ್ತಕವೊಂದು ನನ್ನ ಬೀರುವಿನಲ್ಲಿತ್ತು. ಒತ್ತಿ ತುಂಬಿದ ಗಾಳಿಗೆ ಎಣ್ಣೆಯ ಪಸೆ ಸೇರಿ, ಜೊತೆಗೆ ಶಾಖವೂ ಸಿಕ್ಕರೆ, ಡೀಸೆಲ್ ಹೊತ್ತಿಕೊಳ್ಳುವ ಹಾಗೆ ಎಂಜಿನ್ನೇ ಸಿಡಿಯಬಹುದು. ಆ ಕಾರಣಕ್ಕೇ ಉರಿಯಲು ನೆರವಾಗದ ನೈಟ್ರೋಜನ್ ತುಂಬಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು. ನಾನು ಅದನ್ನು ಓದಿದ್ದೆ. ವೆಂಕಟರಂಗಯ್ಯ ಬೇರಿಂಗುಗಳಿಗೆ ಕೈತುಂಬಾ ಎಣ್ಣೆ ಹಾಕುತ್ತಾರೆ ಎಂಬುದೂ ಗೊತ್ತಿತ್ತು. ನಮ್ಮದೇನು ಅಷ್ಟು ದೊಡ್ಡ ಒತ್ತಡವಲ್ಲ, ಏನೂ ಆಗುವುದಿಲ್ಲ ಅಂದುಕೊಂಡೆ. ಹೇಳಿದ್ದರೆ ಅವರು ಕೆಲಸ ನಿಲ್ಲಿಸುತ್ತಿದ್ದರು. ನಿಲ್ಲಿಸಿದರೆ ಕುಣಿಗಲ್ಲಿಗೆ ನಾನು ಏನು ಬರೆಯಲಿ?

ಅವರು ಕಂಪ್ರೆಸರಿನಿಂದ ಒಂದು ಹಳೆಯ ಸಿಲಿಂಡರಿಗೆ ಗಾಳಿ ತುಂಬಿಸಿ, ಅದನ್ನು ಕಾರಿನಲ್ಲಿಟ್ಟು, ಅದರಿಂದ ಎಂಜಿನ್ನಿಗೆ ಕೊಳವೆ ಎಳೆದರು. ಸ್ಟಿಯರಿಂಗ್ ಪಕ್ಕ ಒಂದು ವಾಲ್ವ್. ತಿರುವಿದರೆ ಒತ್ತಡ ಏರುತ್ತದೆ, ಕಾರು ಜೋರಾಗುತ್ತದೆ. ಇನ್ನೊಂದನ್ನು ತಿರುವಿದರೆ ಗಾಳಿ ಹೊರಕ್ಕೆ. ಆಕ್ಸಿಲರೇಟರ್ ಬದಲಿಗೆ ಅದೇ.

ಪ್ರದರ್ಶನದ ದಿನ, ಭಾನುವಾರ, ಬೆಳಗ್ಗೆ ಏಳು ಗಂಟೆಗೆ ಒಲೆ ಹಚ್ಚಿದೆವು. ಏಳೂ ಮುಕ್ಕಾಲಿಗೆ ಹೊರಟೆವು. ವೆಂಕಟರಂಗಯ್ಯ ಸ್ಟಿಯರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ಒಲೆಯ ಮುಂದೆ ಗಂಗಲಕ್ಷ್ಮಮ್ಮ, ಹಿಂದೆ ಚಿಪ್ಪಿನ ಮೂಟೆಗಳ ನಡುವೆ ಇಸ್ತ್ರಿ ಅಂಗಿ ಹಾಕಿಕೊಂಡ ನಾನು. ಪ್ರಮೀಳಾ ಬಸ್ಸಿನಲ್ಲಿ ಬರುತ್ತೇನೆಂದು ಮನೆಯಲ್ಲೇ ಉಳಿದಳು.

ಕುಣಿಗಲ್ ರಸ್ತೆಗೆ ಬಂದ ಮೇಲೆ ವಾಲ್ವ್ ತಿರುವಿದರು. ಕಾರು ಎಳೆದುಕೊಂಡಿತು. ಒಂದು ಸೈಕಲ್ಲನ್ನು ದಾಟಿದೆವು, ಒಂದು ಎತ್ತಿನ ಗಾಡಿಯನ್ನು ದಾಟಿದೆವು. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಇದ್ದಿರಬಹುದು. ಗಂಗಲಕ್ಷ್ಮಮ್ಮ ಬೆವರಿದ ಮುಖ ತಿರುಗಿಸಿ ಜೋರಾಗಿ ನಕ್ಕರು.

"ಸಾರ್, ಮಾತಾಡಿದ್ದು ಹೆಂಗ್ ಕೇಳ್ತೈತೆ ನೋಡಿ! ಬಸ್ಸಲ್ಲಿ ಹಿಂಗೆ ಕೇಳ್ತೈತಾ?"

ಗೂಳೂರು ದಾಟಿದ ಮೇಲೆ ತಿರುವಿನಲ್ಲಿ ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂತು. ವೆಂಕಟರಂಗಯ್ಯ ಕ್ಲಚ್ ಒತ್ತಿ ಬ್ರೇಕ್ ಹಾಕಿದರು. ಕಾರು ನಿಂತಿತು, ಎಂಜಿನ್ ನಿಲ್ಲಲಿಲ್ಲ. ಹೊರೆ ತಪ್ಪಿದ್ದೇ ತಡ, ಹುಚ್ಚು ಹಿಡಿದ ಹಾಗೆ ತಿರುಗತೊಡಗಿತು. ಗಾಳಿ ಹೊರಬಿಡುವ ವಾಲ್ವ್ ತಿರುವಿದರೆ ಕಿವಿಗಡಚಿಕ್ಕುವ ಸೀಟಿ. ಕುರಿಗಳು ದಿಕ್ಕಾಪಾಲಾದವು. ಕುರಿಯವನು ಕೋಲೆತ್ತಿಕೊಂಡು ಬಂದ.

"ಕಾರಾ ಇದು? ಏನ್ ಸ್ವಾಮಿ ಇದು?"

ಎಂಜಿನ್ ಹದಕ್ಕೆ ಬರಲು ಎರಡು ಮೂರು ನಿಮಿಷ ಹಿಡಿಯಿತು. ವೆಂಕಟರಂಗಯ್ಯ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ಕುರಿಯ ಜಾಗದಲ್ಲಿ ಮಗು ಇದ್ದು, ಕ್ಲಚ್ ಜಾರಿದ್ದರೆ ಎಂದು ಇಬ್ಬರೂ ಯೋಚಿಸಿದೆವು ಅಂತ ಕಾಣುತ್ತದೆ. ಅಲ್ಲಿಂದ ವಾಪಸ್ ಹೋಗೋಣ ಎನ್ನಲು ನನಗೆ ಇನ್ನೊಂದು ಅವಕಾಶ ಇತ್ತು. ನಾನು ಗಡಿಯಾರ ನೋಡಿಕೊಂಡೆ.

ನಾಗವಲ್ಲಿ ಇನ್ನೂ ಮುಂದಿತ್ತು. ರಸ್ತೆ ಏರಿತು. ಮಾಮೂಲಿ ಕಾರಿನಲ್ಲಿ ಹೋದರೆ ಏರೆಂದು ಗೊತ್ತೂ ಆಗದಂಥ ಏರು. ನಮ್ಮ ಕಾರು ಮುಗ್ಗರಿಸತೊಡಗಿತು.

"ಉರಿ ಸಾಲದು ಕಣೇ, ಇನ್ನೊಂದಷ್ಟು ಹಾಕು."

"ಹಾಕ್ತಾನೇ ಇದೀನಿ, ಒಲೆ ತುಂಬೈತೆ."

ವೆಂಕಟರಂಗಯ್ಯ ವಾಲ್ವನ್ನು ಪೂರ್ತಿ ತಿರುವಿದರು. ಗಂಗಲಕ್ಷ್ಮಮ್ಮ ಎರಡೂ ಕೈಯಲ್ಲಿ ಚಿಪ್ಪು ಹಿಡಿದು ಒಲೆಯ ಬಾಯಿಗೆ ಬಗ್ಗಿದರು.

ಸಿಡಿದದ್ದು ನನಗೆ ಸದ್ದಾಗಿ ಕೇಳಲಿಲ್ಲ. ಎದೆಗೆ ಯಾರೋ ಹಲಗೆಯಿಂದ ಹೊಡೆದ ಹಾಗಾಯಿತು. ಕಣ್ಣು ಬಿಟ್ಟಾಗ ಕಾರಿನ ತುಂಬ ಬೂದಿ, ಕೆಂಡ. ಬಿಸಿ ತುದಿಯ ಮುಚ್ಚಳ ಬೋಲ್ಟು ಕಿತ್ತುಕೊಂಡು ಒಲೆಯೊಳಕ್ಕೆ ನುಗ್ಗಿ, ಒಲೆಯಲ್ಲಿದ್ದದ್ದನ್ನೆಲ್ಲ ಅದರ ಬಾಯಿಂದ ಈಚೆಗೆ ತಳ್ಳಿತ್ತು. ಅಲ್ಲಿದ್ದದ್ದು ಆಕೆಯ ಮುಖ.

ವೆಂಕಟರಂಗಯ್ಯ ಬರಿಗೈಯಲ್ಲಿ ಆಕೆಯ ಸೀರೆಯ ಮೇಲಿನ ಕೆಂಡ ಒರೆಸಿ ಹಾಕುತ್ತಿದ್ದರು. "ಗಂಗಾ, ಗಂಗಾ" ಎನ್ನುತ್ತಿದ್ದರು. ಹಿಂದೆ ಬಂದ ಬಸ್ಸಿನವರು ಇಳಿದು ನೀರು ತಂದರು. ಯಾರೋ ಟೆಂಪೊ ನಿಲ್ಲಿಸಿದರು. ತುಮಕೂರಿನ ಆಸ್ಪತ್ರೆಯಲ್ಲಿ ಕಟ್ಟು ಹಾಕಿ, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಬಲಗಣ್ಣು ಆ ದಿನವೇ ಹೋಗಿತ್ತು. ಎಡಗಣ್ಣನ್ನು ಉಳಿಸಲು ಮೂರು ಸಲ ಆಪರೇಷನ್ ಮಾಡಿದರು. ಬೆಳಕು ಇದೆ, ಇಲ್ಲ ಎನ್ನುವಷ್ಟು ಮಾತ್ರ ಉಳಿಯಿತು.

ಪೊಲೀಸರು ಕೇಳಿದಾಗ ನಾನು ಹೇಳಿದ್ದನ್ನೂ ಇಲ್ಲಿ ಹೇಳಿಬಿಡುತ್ತೇನೆ. "ನಾನು ಸುಮ್ಮನೆ ನೋಡೋಕೆ ಜೊತೆಗೆ ಹೋಗಿದ್ದೆ" ಎಂದೆ. ವೆಂಕಟರಂಗಯ್ಯನವರೂ ಹಾಗೆಯೇ ಹೇಳಿದರಂತೆ. "ಸಾರ್‌ದು ಏನೂ ಇಲ್ಲ, ಎಲ್ಲಾ ನಂದೇ" ಎಂದು ಬರೆದು ಸಹಿ ಹಾಕಿದರಂತೆ. ಪತ್ರಿಕೆಯ ಮೂಲೆಯಲ್ಲಿ ಬಂದ ನಾಲ್ಕು ಸಾಲಿನ ಸುದ್ದಿಯಲ್ಲಿ ನನ್ನ ಹೆಸರಿರಲಿಲ್ಲ. ಅದನ್ನು ನೋಡಿ ನನಗೆ ಮೊದಲು ಆದದ್ದು ಸಮಾಧಾನ.

ಶಿರಾ ಗೇಟಿನ ಅಂಗಡಿ ಮುಚ್ಚಿತು. ಲೇತ್ ಮಾರಿದರು. ವೆಂಕಟರಂಗಯ್ಯ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿ ಸೇರಿದರು. ಪ್ರಮೀಳಾ ಡಿಗ್ರಿಗೆ ಸೇರಲಿಲ್ಲ, ತಾಯಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಳು. ನಾನು ಮೊದಮೊದಲು ವಾರಕ್ಕೊಮ್ಮೆ ಹಣ್ಣು ತೆಗೆದುಕೊಂಡು ಹೋಗುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಇಲ್ಲ. ಅವರು ನನ್ನನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ. ಆ ಮನೆಯಲ್ಲಿ ನನಗೆ ಕುರ್ಚಿ ಹಾಕುತ್ತಿದ್ದರು, ಕಾಫಿ ಕೊಡುತ್ತಿದ್ದರು. ಅದನ್ನು ಕುಡಿದು ಮುಗಿಸುವುದು ದಿನದಿನಕ್ಕೆ ಕಷ್ಟವಾಯಿತು.

ಹೇಳಬೇಕು ಎಂದು ನಿರ್ಧಾರ ಮಾಡಲು ಎರಡು ವರ್ಷ ಬೇಕಾಯಿತು. ೨೦೦೪ರ ಮಾರ್ಚಿನಲ್ಲಿ ಒಂದು ಸಂಜೆ ಬಟವಾಡಿಗೆ ಹೋದೆ. ಪ್ರಮೀಳಾ ಬಾಗಿಲು ತೆಗೆದಳು. ವೆಂಕಟರಂಗಯ್ಯ ಆಗ ತಾನೇ ಕೆಲಸದಿಂದ ಬಂದು ಕಾಲು ತೊಳೆದು ಚಾಪೆಯ ಮೇಲೆ ಕೂತಿದ್ದರು. ಗಂಗಲಕ್ಷ್ಮಮ್ಮ ಗೋಡೆಗೆ ಒರಗಿ ಅವರೆಕಾಯಿ ಬಿಡಿಸುತ್ತಿದ್ದರು. ಬಲಗೈಯ ಎರಡು ಬೆರಳು ಸುಟ್ಟು ಒಂದಕ್ಕೊಂದು ಅಂಟಿಹೋಗಿದ್ದರಿಂದ ಎಡಗೈಯಲ್ಲೇ ಬಿಡಿಸುತ್ತಿದ್ದರು. ಬೀಜ ಕೆಲವು ಪಾತ್ರೆಗೆ, ಕೆಲವು ನೆಲಕ್ಕೆ.

ನಾನು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದೆ. ನೈಟ್ರೋಜನ್ ಯಾಕೆ ಒಳ್ಳೆಯದು ಅಂದಿದ್ದೆ ಎನ್ನುವುದನ್ನು, ಗಾಳಿ ತುಂಬಿದರೆ ಏನಾಗಬಹುದು ಎಂದು ನನಗೆ ತಿಳಿದಿದ್ದನ್ನು, ತಿಳಿದೂ ಬಾಯಿ ಮುಚ್ಚಿಕೊಂಡದ್ದನ್ನು ಹೇಳಿದೆ. ಪ್ರಮೀಳಾ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು.

ವೆಂಕಟರಂಗಯ್ಯ ನೆಲ ನೋಡುತ್ತಾ ಕೇಳಿಸಿಕೊಂಡರು. "ಬುಡಿ ಸಾರ್" ಎಂದರು. "ನೀವು ಹೇಳಿದ್ರೂ ನಾನು ಕೇಳ್ತಿರ್ಲಿಲ್ಲ. ಆಗ ನನ್ ತಲೇಲಿ ಕುಣಿಗಲ್ ಬಿಟ್ರೆ ಬೇರೆ ಏನೂ ಇರ್ಲಿಲ್ಲ."

ಆ ಮಾತನ್ನು ನಾನು ಹಿಡಿದುಕೊಂಡುಬಿಡುತ್ತಿದ್ದೆ. ಹಿಡಿದುಕೊಂಡು ಮನೆಗೆ ಹೋಗಿಬಿಡುತ್ತಿದ್ದೆ.

"ನಾನು ಕೇಳ್ತಿದ್ದೆ" ಎಂದರು ಗಂಗಲಕ್ಷ್ಮಮ್ಮ.

ಅವರ ಧ್ವನಿ ಏರಿರಲಿಲ್ಲ. ಕೈ ಅವರೆಕಾಯಿಯ ಮೇಲೆ ನಿಂತಿತ್ತು.

"ಬೆಂಕಿ ಹಾಕ್ತಿದ್ದೋಳು ನಾನು ಸಾರ್. ನೀವು ಇವ್ರಿಗೆ ಹೇಳ್ಬೇಕಾಗಿರ್ಲಿಲ್ಲ, ನಂಗೆ ಒಂದ್ ಮಾತು ಹೇಳಿದ್ರೆ ಸಾಕಾಗಿತ್ತು. ಸಿಡೀತೈತೆ ಕಣಮ್ಮ ಅಂತ. ನಾನು ಒಲೆ ಹಚ್ತಾನೇ ಇರ್ಲಿಲ್ಲ."

ನಾನು ತಪ್ಪಾಯಿತು ಎಂದೆನೋ ಏನೋ, ನೆನಪಿಲ್ಲ. ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಒಂದ್ ಕೇಳ್ತೀನಿ, ನಿಜ ಹೇಳಿ. ಇವತ್ತಾದ್ರೂ ನಿಜ ಹೇಳಿ. ಆ ಕಾರು ಓಡ್ತಿತ್ತಾ? ಸಿಡೀದೆ ಇದ್ದಿದ್ರೆ, ಇನ್ನೂ ನಾಕ್ ವರ್ಷ ಕಷ್ಟಪಟ್ಟಿದ್ರೆ, ಎಲ್ಲಾರ ಕಾರ್ ತರ ಓಡ್ತಿತ್ತಾ?"

ವೆಂಕಟರಂಗಯ್ಯ ತಲೆಯೆತ್ತಿ ನನ್ನನ್ನು ನೋಡಿದರು. ಲೇತ್ ಮಾರಿದ ದಿನವೂ ಅವರು ಆ ಕಾರಿನ ಎಂಜಿನ್ ಮಾರಿರಲಿಲ್ಲ, ಮನೆಯ ಹಿಂದೆ ತಗಡು ಮುಚ್ಚಿ ಇಟ್ಟಿದ್ದರು ಎಂದು ನನಗೆ ಗೊತ್ತಿತ್ತು. ಅವರು ನನ್ನ ಬಾಯಿಂದ ಏನು ಕೇಳಲು ಕಾಯುತ್ತಿದ್ದಾರೆ ಎನ್ನುವುದೂ ಗೊತ್ತಾಯಿತು.

"ಇಲ್ಲಮ್ಮ" ಎಂದೆ. "ಓಡ್ತಿರಲಿಲ್ಲ. ಹತ್ತು ವರ್ಷ ಮಾಡಿದ್ರೂ ಓಡ್ತಿರಲಿಲ್ಲ."

"ನಿಮ್ಗೆ ಯಾವಾಗ ಗೊತ್ತಾಯ್ತು?"

"ತೊಂಬತ್ತೆಂಟರಲ್ಲಿ. ಕಾರು ತರೋಕೆ ಮುಂಚೆ."

ವೆಂಕಟರಂಗಯ್ಯ ನಿಧಾನವಾಗಿ ಎದ್ದರು. ಗೋಡೆ ಹಿಡಿದುಕೊಂಡು ಎದ್ದರು, ಐವತ್ತಾಗದ ಮನುಷ್ಯ. ಬಾಗಿಲ ಹೊರಗೆ ಹೋಗಿ ಚಪ್ಪಲಿ ಮೆಟ್ಟಿದ ಸದ್ದು ಕೇಳಿಸಿತು, ಗೇಟು ತೆಗೆದ ಸದ್ದು ಕೇಳಿಸಿತು. ಗಂಗಲಕ್ಷ್ಮಮ್ಮ ಆ ಸದ್ದು ದೂರವಾಗುವ ತನಕ ಕಿವಿಗೊಟ್ಟು ಕೂತಿದ್ದರು.

"ಆರು ವರ್ಷ ಸಾರ್" ಎಂದರು ಕೊನೆಗೆ. "ಗುಬ್ಬಿಯಿಂದ ಬಂದ್ಮೇಲೆ ಆ ಮನುಷ್ಯ ದಿನಾ ಮಲಗೋ ಮುಂಚೆ, ಕಾಂತೇಶ್ ಸಾರ್ ಅವ್ರೆ, ಆಯ್ತೈತೆ ಬುಡು ಅನ್ನೋರು. ಕಣ್ಣು ಹೋದ್ಮೇಲೂ ಅದ್ನೇ ಅಂತಿದ್ರು. ಇನ್ ಮೇಲೆ ಅವ್ರು ಏನಂತಾರೆ ಹೇಳಿ?"

ಪ್ರಮೀಳಾ ಬಂದು ತಾಯಿಯ ಮುಂದೆ ಕೂತು ನೆಲದ ಮೇಲೆ ಬಿದ್ದಿದ್ದ ಅವರೆಬೀಜಗಳನ್ನು ಆರಿಸತೊಡಗಿದಳು. ನನ್ನ ಕಡೆ ನೋಡಲಿಲ್ಲ. ನಾನು ಹೊರಗೆ ಬಂದೆ.

ವೆಂಕಟರಂಗಯ್ಯ ಹೈವೇಯ ಪಕ್ಕದಲ್ಲಿ, ಒಂದು ಮೆಡಿಕಲ್ ಸ್ಟೋರಿನ ಮುಂದೆ ನಿಂತಿದ್ದರು. ಲಾರಿ ಬಸ್ಸುಗಳು ಹಾಯುತ್ತಿದ್ದವು. ಹತ್ತಿರ ಹೋಗಿ ಹೆಸರು ಹಿಡಿದು ಕರೆದೆ. ಅವರು ತಿರುಗಿ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಯಾರೋ ದಾರಿ ಕೇಳಲು ಬಂದವರನ್ನು ನೋಡುವ ಹಾಗೆ ನೋಡಿ, ಸ್ವಲ್ಪ ಆಚೆಗೆ ಸರಿದು ನಿಂತರು.

ಮಾರನೆಯ ವಾರ ಅವರು ಆ ಎಂಜಿನ್ನನ್ನು ಗುಜರಿಗೆ ಹಾಕಿದರೆಂದು ಕೇಳಿದೆ. ಅದೇ ವರ್ಷ ಮೇ ತಿಂಗಳಲ್ಲಿ ಮನೆ ಖಾಲಿ ಮಾಡಿದರು. ಗುಬ್ಬಿ ಕಡೆ ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ನಾನು ಹುಡುಕಿಕೊಂಡು ಹೋಗಲಿಲ್ಲ.